ದುಡಿದವರ ಕೂಲಿ, ಇರುವವರ ಸೂರು: ದೇವಸ್ಥಾನ, ಮಸೀದಿ, ಚರ್ಚಿನ ಜನ ಸೇರಿ ಹೋರಾಡುವುದು ಹೇಗೆ

1990ರ ದಶಕದ ಶುರುವಿನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಪಾದ್ರಿಗಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಅಲ್ಲಿನ ಚರ್ಚುಗಳು ಹಸಿದವರಿಗೆ ಉಚಿತವಾಗಿ ಊಟ ಹಾಕುತ್ತಿದ್ದವು. ಆ ಸಾಲಿನಲ್ಲಿ ನಿಲ್ಲುತ್ತಿದ್ದವರಲ್ಲಿ ಎಷ್ಟೋ ಜನಕ್ಕೆ ಕೆಲಸ ಇತ್ತು. ದಿನವಿಡೀ ದುಡಿದರೂ ಸಂಬಳ ಸಾಲದೆ ಊಟಕ್ಕೆ ಅಲ್ಲಿಗೆ ಬರುತ್ತಿದ್ದರು. ಚರ್ಚುಗಳ ಒಕ್ಕೂಟವಾಗಿದ್ದ ‘ಬಿಲ್ಡ್’ ಒಂದು ಕಾರ್ಮಿಕ ಸಂಘದ ಜೊತೆ ಸೇರಿ, ನಗರದ ಗುತ್ತಿಗೆ ಹಿಡಿದವರು ತಮ್ಮ ಕೆಲಸಗಾರರಿಗೆ ಬದುಕಲು ಸಾಲುವಷ್ಟು ಕೂಲಿ ಕೊಡಲೇಬೇಕು ಎಂದು ಪಟ್ಟು ಹಿಡಿಯಿತು. 1994ರಲ್ಲಿ ಅದು ಕಾನೂನಾಯಿತು. ಮುಂದೆ ಆ ದೇಶದ ನೂರಕ್ಕೂ ಹೆಚ್ಚು ಊರುಗಳು ಅಂಥದ್ದೇ ಕಾನೂನು ಮಾಡಿದವು.

ಧರ್ಮದ ಹೆಸರಲ್ಲಿ ಸೇರುವ ನಮ್ಮಂಥವರಿಗೆ ಕೊಡುವುದು ಚೆನ್ನಾಗಿ ಗೊತ್ತು. ಊಟ, ಬಟ್ಟೆ, ಔಷಧಿ, ಮಕ್ಕಳ ಪುಸ್ತಕ ಎಲ್ಲ ಕೊಡುತ್ತೇವೆ. ಆದರೆ ದುಡಿದವನಿಗೆ ಬರಬೇಕಾದ ದುಡ್ಡನ್ನು ಕೊಡಬೇಕಾದವರ ಹತ್ತಿರ ಹೋಗಿ ಕೇಳುವುದು ನಮಗೆ ರೂಢಿ ಇಲ್ಲ, ಕೇಳಿದರೆ ಜಗಳ ಆಗುತ್ತದೆ ಅನ್ನಿಸುತ್ತದೆ, ಕೊಡಬೇಕಾದವರೂ ನಮ್ಮ ಪಕ್ಕದಲ್ಲೇ ಕೂತು ಪ್ರಾರ್ಥನೆ ಮಾಡುತ್ತಿರುತ್ತಾರೆ. ಅದಕ್ಕೇ ಈ ಕೆಲಸವನ್ನು ಕಲಿಯಬೇಕು. ನಿಮ್ಮ ಹತ್ತಿರ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ಶಕ್ತಿ ಇದೆ. ಯಾರೂ ಕರೆಯದಿದ್ದರೂ ವಾರ ವಾರ ಒಂದೇ ಕಡೆ ಸೇರುವ, ಒಬ್ಬರ ಮನೆಯ ಕಷ್ಟ ಇನ್ನೊಬ್ಬರಿಗೆ ಗೊತ್ತಿರುವ ಜನ. ಇಂಥ ಜನರನ್ನು ಸೇರಿಸಲು ಬೇರೆ ಸಂಘಟನೆಗಳು ವರ್ಷಗಟ್ಟಲೆ ಒದ್ದಾಡುತ್ತವೆ.

ಮೊದಲು ನಿಮ್ಮ ಅಂಗಳದ ಲೆಕ್ಕ ಸರಿಯಾಗಲಿ

ಹೊರಗಿನವರ ಹತ್ತಿರ ಹೋಗುವ ಮುಂಚೆ ನಿಮ್ಮದೇ ಮಂದಿರ, ಮಸೀದಿ, ಚರ್ಚು, ಮಠ, ಗುರುದ್ವಾರದಲ್ಲಿ ಕೆಲಸ ಮಾಡುವವರ ಪಟ್ಟಿ ಬರೆಯಿರಿ. ಕಸ ಗುಡಿಸುವವರು, ಅಡುಗೆಯವರು, ಕಾವಲುಗಾರರು, ಸಂಸ್ಥೆಯದೇ ಶಾಲೆ ಆಸ್ಪತ್ರೆ ಇದ್ದರೆ ಅಲ್ಲಿನ ಆಯಾಗಳು, ಡ್ರೈವರ್‌ಗಳು. ಇವರಿಗೆ ಕಾನೂನು ಹೇಳುವಷ್ಟು ಸಂಬಳ ಸಿಗುತ್ತಿದೆಯಾ? ವಾರದ ರಜೆ ಇದೆಯಾ? ಸಂಬಳದ ಚೀಟಿ ಕೊಡುತ್ತಾರಾ? ಹುಷಾರು ತಪ್ಪಿದರೆ ದಿನದ ಕೂಲಿ ಕತ್ತರಿಸುತ್ತಾರಾ? ‘ಅವರು ಸೇವೆ ಅಂತ ಮಾಡ್ತಾರೆ’ ಎಂಬ ಉತ್ತರ ಬಂದರೆ, ಅದನ್ನು ಆ ಕೆಲಸಗಾರರ ಬಾಯಿಂದಲೇ, ಆಡಳಿತ ಮಂಡಳಿಯವರು ಎದುರಿಗೆ ಇಲ್ಲದಾಗ ಕೇಳಿ ನೋಡಿ. ಸಂಸ್ಥೆಗೆ ಬಾಡಿಗೆ ಮನೆಗಳಿದ್ದರೆ ಆ ಬಾಡಿಗೆದಾರರನ್ನೂ ಮಾತಾಡಿಸಿ.

ಇದನ್ನು ಮೊದಲು ಮಾಡಲೇಬೇಕು ಎನ್ನಲು ಕಾರಣ ಇದೆ. ನೀವು ಒಬ್ಬ ಮಾಲೀಕರ ಎದುರು ಕೂತು ನ್ಯಾಯದ ಮಾತಾಡಿದ ದಿನ ಅವರು ಮೊದಲು ಕೇಳುವುದೇ ‘ನಿಮ್ಮ ವಾಚ್‌ಮನ್‌ಗೆ ಎಷ್ಟು ಕೊಡ್ತೀರಿ?’ ಅಂತ. ಆ ಪ್ರಶ್ನೆಗೆ ತಲೆ ಎತ್ತಿ ಉತ್ತರ ಕೊಡುವ ಹಾಗಿರಬೇಕು.

ಮಂಡಳಿಯಲ್ಲಿ ಕಂಟ್ರಾಕ್ಟರ್‌ಗಳು, ಮನೆ ಮಾಲೀಕರು, ದೊಡ್ಡ ದಾನಿಗಳು ಇದ್ದೇ ಇರುತ್ತಾರೆ. ಅವರನ್ನು ದೂರ ಇಟ್ಟು ಗುಟ್ಟಾಗಿ ಕೆಲಸ ಮಾಡಬೇಡಿ, ಮೊದಲೇ ಹೋಗಿ ಹೇಳಿ. ಕೆಲವರು ಸಿಟ್ಟಾಗುತ್ತಾರೆ. ಕೆಲವರು ನಿಮಗೆ ಅತಿ ಉಪಯೋಗದ ಮನುಷ್ಯರಾಗುತ್ತಾರೆ, ಯಾಕಂದರೆ ಹಾಜರಿ ಪುಸ್ತಕದಲ್ಲಿ ದಿನ ಹೇಗೆ ಕಡಿಮೆ ಬರೆಯುತ್ತಾರೆ, ಓಟಿ, ಅಂದರೆ ಹೆಚ್ಚು ಹೊತ್ತು ದುಡಿದದ್ದರ ಕೂಲಿ, ಎಲ್ಲಿ ಮಾಯ ಆಗುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಇಷ್ಟು ಹೇಳಬಲ್ಲೆ: ದೊಡ್ಡ ದಾನಿಯ ಮುಖ ನೋಡಿಕೊಂಡು ಸುಮ್ಮನಾಗುವ ಗುಂಪು ಈ ಕೆಲಸಕ್ಕೆ ಇಳಿಯದಿರುವುದೇ ಒಳ್ಳೆಯದು. ನಂಬಿ ಬಂದ ಕೆಲಸಗಾರನನ್ನು ನಡುದಾರಿಯಲ್ಲಿ ಕೈಬಿಟ್ಟರೆ ಅವನ ಸ್ಥಿತಿ ಮೊದಲಿಗಿಂತ ಕೆಟ್ಟದಾಗುತ್ತದೆ.

ಸಭೆಗಿಂತ ಮೊದಲು ಮಾತು

ಸಭೆ ಕರೆದು ಮೈಕ್ ಹಿಡಿದು ‘ಯಾರಿಗೆ ಏನು ತೊಂದರೆ ಇದೆ ಹೇಳಿ’ ಅಂದರೆ ಯಾರೂ ಹೇಳುವುದಿಲ್ಲ. ಸಂಬಳ ಸಿಕ್ಕಿಲ್ಲ, ಬಾಡಿಗೆ ಬಾಕಿ ಇದೆ ಎಂಬುದು ಜನ ಎಲ್ಲರೆದುರು ಹೇಳುವ ಮಾತಲ್ಲ, ಅದರಲ್ಲಿ ನಾಚಿಕೆ ಇದೆ. ಅದಕ್ಕೆ ಒಬ್ಬೊಬ್ಬರನ್ನೇ ಮಾತಾಡಿಸಬೇಕು. ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು. ನಾಲ್ಕೈದು ಜನ ಸೇರಿ ಈ ಕೆಲಸ ಹಂಚಿಕೊಳ್ಳಿ, ವಾರಕ್ಕೆ ಒಬ್ಬೊಬ್ಬರು ಇಬ್ಬರನ್ನು ಮಾತಾಡಿಸಿದರೂ ಎರಡು ತಿಂಗಳಲ್ಲಿ ನಿಮ್ಮ ಜನರ ಬದುಕಿನ ಚಿತ್ರ ಕೈಗೆ ಬರುತ್ತದೆ. ಹೆಂಗಸರನ್ನು ಹೆಂಗಸರೇ ಮಾತಾಡಿಸಿದರೆ ಒಳ್ಳೆಯದು. ಮನೆಗೆಲಸಕ್ಕೆ ಹೋಗುವವರ ಕಷ್ಟ ಗಂಡಸರ ಕಿವಿಗೆ ಬೀಳುವುದೇ ಕಡಿಮೆ.

ಪ್ರಶ್ನೆ ಸರಳವಾಗಿರಲಿ. ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ, ಬಟವಾಡೆ ಯಾವ ದಿನ, ಯಾರ ಕೈಯಿಂದ ಬರುತ್ತದೆ, ಕೊನೆಯ ಸಲ ಸಂಬಳ ಯಾಕೆ ಹಿಡಿದುಕೊಂಡರು, ಈಗಿರುವ ಮನೆಯಲ್ಲಿ ಎಷ್ಟು ದಿನದಿಂದ ಇದ್ದೀರಿ, ಮುಂದಿನ ವರ್ಷವೂ ಅಲ್ಲೇ ಇರುತ್ತೀರಿ ಎಂಬ ನಂಬಿಕೆ ಇದೆಯಾ. ಫಾರಂ ತುಂಬಿಸಬೇಡಿ. ಪರಿಹಾರ ಹೇಳಲೂ ಹೋಗಬೇಡಿ. ಮಾತು ಮುಗಿದ ಮೇಲೆ ಮನೆಗೆ ಬಂದು ನೆನಪಿದ್ದದ್ದನ್ನು ಬರೆದಿಡಿ, ಹೆಸರಿಲ್ಲದೆ.

ಹೀಗೆ ಕೇಳುತ್ತಾ ಹೋದಾಗ ಕೂಲಿಯ ಕಷ್ಟ ಮತ್ತು ಮನೆಯ ಕಷ್ಟ ಒಂದೇ ಮನೆಯಲ್ಲಿ ಇರುವುದು ಕಾಣುತ್ತದೆ. ಹದಿನೈದು ದಿನದ ಸಂಬಳ ತಡವಾದರೆ ಬಾಡಿಗೆ ತಪ್ಪುತ್ತದೆ, ಬಾಡಿಗೆ ತಪ್ಪಿದರೆ ಮನೆ ಖಾಲಿ ಮಾಡಿ ಅನ್ನುತ್ತಾರೆ, ದೂರ ಹೋದರೆ ಇದ್ದ ಕೆಲಸವೂ ಹೋಗುತ್ತದೆ. ಇವೆರಡನ್ನೂ ಬೇರೆ ಬೇರೆ ಸಮಿತಿಗೆ ಹಂಚುವುದು ನನಗೆ ಸರಿ ಕಾಣುವುದಿಲ್ಲ.

ಪುಸ್ತಕ, ರಸೀದಿ, ಫೋಟೋ

ಬಾಯಿಮಾತಿನ ಅನ್ಯಾಯವನ್ನು ಯಾರೂ ಒಪ್ಪುವುದಿಲ್ಲ, ಬರೆದಿಟ್ಟದ್ದನ್ನು ತಳ್ಳಿಹಾಕುವುದು ಕಷ್ಟ. ಪ್ರತಿ ಕೆಲಸಗಾರರ ಕೈಗೂ ಒಂದು ಚಿಕ್ಕ ನೋಟ್‌ಬುಕ್ ಕೊಡಿ. ದಿನಾ ಸಂಜೆ ಒಂದೇ ಸಾಲು: ತಾರೀಖು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಯಾವ ಜಾಗ, ಯಾವ ಮೇಸ್ತ್ರಿ, ಸಿಕ್ಕ ಹಣ, ಹಿಡಿದುಕೊಂಡ ಹಣ, ಯಾಕೆ ಹಿಡಿದರು. ಬರೆಯಲು ಬಾರದವರು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಮಗಳಿಗೋ ಪಕ್ಕದವರಿಗೋ ಕಳಿಸಲಿ. ಕೆಲಸದ ಜಾಗದ ಬೋರ್ಡಿನ ಫೋಟೋ ಇರಲಿ, ಯಾಕಂದರೆ ಬೋರ್ಡಿನಲ್ಲೇ ಮುಖ್ಯ ಕಂಪನಿಯ ಹೆಸರು ಇರುತ್ತದೆ, ಮೇಸ್ತ್ರಿ ಮಾಯವಾದ ದಿನ ಅದೇ ದಾರಿ. ‘ನಾಳೆ ಕೊಡ್ತೀನಿ’ ಎಂದು ಮೇಸ್ತ್ರಿ ಕಳಿಸಿದ ವಾಟ್ಸಾಪ್ ಮೆಸೇಜೂ ಸಾಕ್ಷಿಯೇ, ಅಳಿಸಬೇಡಿ.

ಮನೆಯ ವಿಷಯದಲ್ಲೂ ಇದೇ ಕ್ರಮ. ಬಾಡಿಗೆ ಕೈಗೆ ಕೊಟ್ಟರೆ ರಸೀದಿ ಕೇಳಿ. ರಸೀದಿ ಕೊಡದಿದ್ದರೆ ಬ್ಯಾಂಕ್ ಮೂಲಕ ಕಳಿಸಿ, ಅದೂ ಆಗದಿದ್ದರೆ ಕೊಟ್ಟ ತಕ್ಷಣ ‘ಇವತ್ತು ಇಂಥ ತಿಂಗಳ ಬಾಡಿಗೆ ಕೊಟ್ಟಿದ್ದೇನೆ’ ಎಂದು ಮಾಲೀಕರಿಗೆ ಮೆಸೇಜ್ ಹಾಕಿ. ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ ಎಂಬುದು ಬರಹದಲ್ಲಿರಲಿ. ಸೋರುವ ಸೂರಿನ, ಕೆಟ್ಟ ಪೈಪಿನ ಫೋಟೋ ತಾರೀಖಿನ ಜೊತೆ ತೆಗೆದಿಡಿ.

ಬಾಕಿ ಕೂಲಿ ಕೇಳುವ ಮೊದಲ ಪತ್ರ ಉದ್ದ ಇರಬೇಕಿಲ್ಲ, ಬೈಗುಳ ಬೇಡ, ದೇವರ ಹೆಸರೂ ಬೇಡ. ಹೀಗಿದ್ದರೆ ಸಾಕು:

‘ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಿಮ್ಮ ಇಂಥ ಜಾಗದಲ್ಲಿ ಕೆಳಗೆ ಸಹಿ ಮಾಡಿರುವ ನಾವು ಕೆಲಸ ಮಾಡಿದ್ದೇವೆ. ಒಪ್ಪಿದ ದಿನಗೂಲಿ ಇಷ್ಟು. ಬರಬೇಕಾದದ್ದು ಇಷ್ಟು, ಬಂದದ್ದು ಇಷ್ಟು, ಬಾಕಿ ಇಷ್ಟು. ದಿನವಾರು ಲೆಕ್ಕ ಜೊತೆಗಿದೆ. ಬಾಕಿಯನ್ನು ಇಂಥ ತಾರೀಖಿನೊಳಗೆ ಕೊಡಬೇಕೆಂದು ಕೇಳುತ್ತೇವೆ. ಲೆಕ್ಕದಲ್ಲಿ ತಪ್ಪಿದೆ ಎನಿಸಿದರೆ ನಿಮ್ಮ ಹಾಜರಿ ಪುಸ್ತಕದೊಂದಿಗೆ ಕೂತು ಮಾತಾಡಲು ಸಿದ್ಧ.’

ಎರಡು ಪ್ರತಿ ಮಾಡಿ, ಒಂದಕ್ಕೆ ತಲುಪಿದೆ ಎಂದು ಸಹಿ, ಸೀಲು ಹಾಕಿಸಿಕೊಳ್ಳಿ. ಸಹಿ ಮಾಡದಿದ್ದರೆ, ತಲುಪಿದ್ದಕ್ಕೆ ದಾಖಲೆ ಸಿಗುವಂಥ ಅಂಚೆಯಲ್ಲಿ ಕಳಿಸಿ. ಕಾರ್ಮಿಕ ಇಲಾಖೆಗೆ ದೂರು ಕೊಡಲು ಹೆಚ್ಚಿನ ಕಡೆ ಕಾಲಮಿತಿ ಇರುತ್ತದೆ, ಆದ್ದರಿಂದ ಪತ್ರ ಕೊಟ್ಟ ದಿನವೇ ಕಾರ್ಮಿಕ ಸಂಘದವರನ್ನೋ ಉಚಿತ ಕಾನೂನು ನೆರವಿನ ವಕೀಲರನ್ನೋ ಕಂಡು ಆ ಮಿತಿ ಕೇಳಿಕೊಳ್ಳಿ. ಸಂಧಾನ ಮಾಡುತ್ತಾ ಕೂತು ಅವಧಿ ಮೀರಿದರೆ ಕಾನೂನಿನ ಬಾಗಿಲೇ ಮುಚ್ಚಿಹೋಗಬಹುದು.

ಏನು ಕೇಳಬೇಕು, ಯಾರನ್ನು ಕೇಳಬೇಕು

‘ಕಾರ್ಮಿಕರಿಗೆ ನ್ಯಾಯ ಬೇಕು’ ಎಂಬುದಕ್ಕೆ ಎದುರಿನವರು ‘ನಮಗೂ ಬೇಕು’ ಅಂದುಬಿಡುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ಹೌದು ಅಥವಾ ಇಲ್ಲ ಎಂದು ಮಾತ್ರ ಉತ್ತರ ಕೊಡಲು ಆಗುವಂಥ ಬೇಡಿಕೆ ಬೇಕು. ಅಮೆರಿಕದ ಫ್ಲಾರಿಡಾದಲ್ಲಿ ಟೊಮೆಟೊ ಕೀಳುವ ಇಮ್ಮೊಕಲಿಯ ಕೂಲಿಕಾರರು 2001ರಲ್ಲಿ ಆ ಟೊಮೆಟೊ ಕೊಳ್ಳುತ್ತಿದ್ದ ಟ್ಯಾಕೊ ಬೆಲ್ ಹೋಟೆಲುಗಳ ಬಹಿಷ್ಕಾರಕ್ಕೆ ಕರೆ ಕೊಟ್ಟಾಗ ಅವರ ಮುಖ್ಯ ಬೇಡಿಕೆ ಒಂದು ಪೌಂಡ್ ಟೊಮೆಟೊಗೆ ಒಂದು ಸೆಂಟ್ ಜಾಸ್ತಿ ಕೊಡಿ ಎಂಬುದು. ಯಾರಿಗೆ ಬೇಕಾದರೂ ಅರ್ಥ ಆಗುವ ಮಾತು. ಪ್ರೆಸ್ಬಿಟೇರಿಯನ್ ಚರ್ಚ್ 2002ರಲ್ಲಿ ಬಹಿಷ್ಕಾರವನ್ನು ಬೆಂಬಲಿಸಿತು, 2005ರಲ್ಲಿ ಕಂಪನಿ ಒಪ್ಪಿತು. ಅಹಮದಾಬಾದಿನಲ್ಲಿ 1918ರಲ್ಲಿ ಗಿರಣಿ ಕೆಲಸಗಾರರು ಶೇ 50 ಏರಿಕೆ ಕೇಳುತ್ತಿದ್ದರು, ಮಾಲೀಕರು ಶೇ 20ಕ್ಕೆ ನಿಂತಿದ್ದರು. ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿ ಲೆಕ್ಕ ಹಾಕಿ ನೋಡಿ ಶೇ 35 ನ್ಯಾಯ ಎಂದು ಕೆಲಸಗಾರರನ್ನು ಒಪ್ಪಿಸಿದರು. ಆಮೇಲೆ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸಿದರು. ಅನಸೂಯಾ ಅವರ ಸ್ವಂತ ತಮ್ಮನೇ ಗಿರಣಿ ಮಾಲೀಕರ ಮುಂದಾಳು, ಆದರೂ ಅವರು ಕೂಲಿಕಾರರ ಪಕ್ಕದಲ್ಲಿ ನಿಂತರು. ದಿನಾ ಸಾಬರಮತಿ ದಂಡೆಯ ಜಾಲಿ ಮರದ ಕೆಳಗೆ ಸಭೆ, ಕೆಲಸಗಾರರ ಕೈಗೆ ಕರಪತ್ರ. ನೀವೂ ಬೇಡಿಕೆಯ ಅಂಕಿಯನ್ನು ಹೀಗೇ ಕೂತು ಲೆಕ್ಕ ಹಾಕಿ ತೆಗೆಯಿರಿ. ಅಂಕಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಿಮ್ಮ ಗುಂಪಿನ ಪ್ರತಿಯೊಬ್ಬರೂ ವಿವರಿಸುವ ಹಾಗಿರಬೇಕು.

ಮೊದಲ ಬೇಡಿಕೆ ಚಿಕ್ಕದಾಗಿದ್ದರೆ ಅವಮಾನ ಏನಿಲ್ಲ. ನ್ಯೂಯಾರ್ಕಿನ ಈಸ್ಟ್ ಬ್ರೂಕ್ಲಿನ್‌ನಲ್ಲಿ 1980ರ ಸುಮಾರಿಗೆ ಸೇರಿದ ಚರ್ಚುಗಳ ಒಕ್ಕೂಟ ಮೊದಮೊದಲು ಹಿಡಿದದ್ದು ಬೀದಿಗಳಲ್ಲಿ ಹೆಸರಿನ ಫಲಕ ಇಲ್ಲ ಎಂಬ ವಿಷಯವನ್ನು. ಫಲಕಗಳು ಬಂದವು. ಹೋಗಿ ಕೇಳಿದರೆ ಸಿಗುತ್ತದೆ ಎಂಬ ಧೈರ್ಯ ಜನಕ್ಕೆ ಬಂತು. ಅದೇ ಜನ ಮುಂದೆ ಪಾಳುಬಿದ್ದ ಜಾಗವನ್ನು ನಗರದಿಂದ ಪಡೆದು, ಚರ್ಚುಗಳಿಂದ ಬಡ್ಡಿ ಇಲ್ಲದ ಸಾಲದ ನಿಧಿ ಕೂಡಿಸಿ, ದುಡಿಯುವ ಕುಟುಂಬಗಳು ಕೊಳ್ಳಬಹುದಾದ ಸಾವಿರಾರು ಮನೆ ಕಟ್ಟಿಸಿದರು. ಕುಸಿದ ಜೆರುಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮಿಯನ ಹೆಸರನ್ನೇ ಆ ಯೋಜನೆಗೆ ಇಟ್ಟರು.

ಇನ್ನು ಯಾರನ್ನು ಕೇಳಬೇಕು? ಕೂಲಿ ಕೈಗೆ ಕೊಡುವವನು ಮೇಸ್ತ್ರಿ, ಅವನ ಮೇಲೆ ಸಬ್ ಕಂಟ್ರಾಕ್ಟರ್, ಅವನ ಮೇಲೆ ಕಂಟ್ರಾಕ್ಟರ್, ಎಲ್ಲರ ಮೇಲೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆ. ಕೆಳಗಿನವನ ಹತ್ತಿರ ದುಡ್ಡೂ ಇರುವುದಿಲ್ಲ, ತೀರ್ಮಾನವೂ ಇರುವುದಿಲ್ಲ, ಬರೀ ಬಾಯಿ ಇರುತ್ತದೆ. ಲಂಡನ್ನಿನಲ್ಲಿ ಚರ್ಚು, ಮಸೀದಿ, ಶಾಲೆ, ಕಾರ್ಮಿಕ ಸಂಘಗಳು ಸೇರಿದ ಟೆಲ್ಕೊ ಎಂಬ ಒಕ್ಕೂಟ 2001ರಲ್ಲಿ ಜೀವನ ಕೂಲಿಯ, ಅಂದರೆ ಬದುಕಲು ಸಾಲುವಷ್ಟು ಕೂಲಿಯ ಅಭಿಯಾನ ಶುರು ಮಾಡಿತು. ದೊಡ್ಡ ಬ್ಯಾಂಕುಗಳ ಕಚೇರಿ ಗುಡಿಸುವವರು ಬ್ಯಾಂಕಿನ ನೌಕರರಲ್ಲ, ಕ್ಲೀನಿಂಗ್ ಕಂಪನಿಯವರು. ಒಕ್ಕೂಟ ಆ ಕಂಪನಿಯ ಮ್ಯಾನೇಜರ್ ಹತ್ತಿರ ನಿಲ್ಲಲಿಲ್ಲ. 2003ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಷೇರುದಾರರ ವಾರ್ಷಿಕ ಸಭೆಗೆ ಹೋದರು. ಬ್ಯಾಂಕಿನ ಅಧ್ಯಕ್ಷರ ಕಚೇರಿಯನ್ನೇ ರಾತ್ರಿ ಹೊತ್ತು ಗುಡಿಸುತ್ತಿದ್ದ ಕೆಲಸಗಾರರೊಬ್ಬರು ಆ ಸಭೆಯಲ್ಲಿ ಎದ್ದು ನಿಂತು, ಅಧ್ಯಕ್ಷರ ಮುಖ ನೋಡಿ ತಮ್ಮ ಸಂಬಳದ ಬಗ್ಗೆ ಮಾತಾಡಿದರು. ಮುಂದೆ ಬ್ಯಾಂಕು ತನ್ನ ಕ್ಲೀನರ್‌ಗಳ ಕೂಲಿ ಏರಿಸಲು ಒಪ್ಪಿತು. ಆ ದಿನ ಮಾತಾಡಿದ್ದು ಪಾದ್ರಿಯೂ ಅಲ್ಲ, ಮೌಲ್ವಿಯೂ ಅಲ್ಲ ಎಂಬುದನ್ನು ಗಮನಿಸಿ. ಧರ್ಮಗುರುಗಳು ಪಕ್ಕದಲ್ಲಿ ಇರಬೇಕು. ಮಾತು ದುಡಿದವರದ್ದೇ ಆಗಿರಬೇಕು.

ಭೇಟಿಗೆ ಹೋಗುವ ನಿಯೋಗದಲ್ಲಿ ಆರೇಳು ಜನ ಸಾಕು. ಯಾರು ಶುರು ಮಾಡುತ್ತಾರೆ, ಯಾರು ತಮ್ಮ ಕಥೆ ಹೇಳುತ್ತಾರೆ, ಯಾರು ಬೇಡಿಕೆ ಇಡುತ್ತಾರೆ, ಯಾರು ಬರೆದುಕೊಳ್ಳುತ್ತಾರೆ ಎಂದು ಮೊದಲೇ ಹಂಚಿಕೊಂಡು ಹಿಂದಿನ ದಿನ ಒಮ್ಮೆ ಆಡಿ ನೋಡಿ, ನಿಮ್ಮಲ್ಲೇ ಒಬ್ಬರು ಸಿಡುಕಿನ ಮಾಲೀಕರಾಗಿ ಕೂರಲಿ. ಟೀ ಕುಡಿದು ಫೋಟೋ ತೆಗೆಸಿಕೊಂಡು ‘ನೋಡೋಣ’ ಎಂಬ ಮಾತಿನೊಂದಿಗೆ ಎದ್ದು ಬರಬೇಡಿ. ‘ನೋಡೋಣ’ ಅಂದರೆ ಯಾವ ತಾರೀಖಿಗೆ ಎಂದು ಅಲ್ಲೇ ಕೇಳಿ. ಹೊರಗೆ ಬಂದ ಮೇಲೆ ಹದಿನೈದು ನಿಮಿಷ ನಿಂತು, ಏನಾಯಿತು, ಯಾರು ಚೆನ್ನಾಗಿ ಮಾತಾಡಿದರು, ಎಲ್ಲಿ ತಡವರಿಸಿದೆವು ಎಂದು ಮಾತಾಡಿಕೊಳ್ಳಿ.

ಮನೆ ಖಾಲಿ ಮಾಡಿ ಅಂದಾಗ

ಇದು ಗಾಬರಿಯ ಕೆಲಸ, ಆದ್ದರಿಂದ ಗಾಬರಿ ಬರುವ ಮೊದಲೇ ತಯಾರಿ ಬೇಕು. ರಾತ್ರಿ ಹೊತ್ತಿನಲ್ಲೂ ಫೋನ್ ಎತ್ತುವ ಇಬ್ಬರು, ಗೊತ್ತಿರುವ ಒಬ್ಬ ವಕೀಲರು, ಎರಡು ದಿನದ ಮಟ್ಟಿಗೆ ಸಾಮಾನು ಇಡಲು ಒಂದು ಕೋಣೆ, ಇಷ್ಟನ್ನು ಈಗಲೇ ಗೊತ್ತುಮಾಡಿ.

ನೋಟಿಸ್ ಬಂದ ಕೂಡಲೇ ಅದರ ಫೋಟೋ, ಲಕೋಟೆಯ ಫೋಟೋ ತೆಗೆಯಿರಿ. ಯಾರು ಕೊಟ್ಟದ್ದು, ಮಾಲೀಕರದ್ದಾ ಕೋರ್ಟಿನದ್ದಾ ಸರ್ಕಾರದ್ದಾ, ಉತ್ತರ ಕೊಡಲು ಎಷ್ಟು ದಿನ ಇದೆ ಎಂದು ನೋಡಿ. ಓದದೆ ಯಾವ ಕಾಗದಕ್ಕೂ ಸಹಿ ಬೇಡ, ಬೀಗದ ಕೈ ಕೊಡುವುದು ಬೇಡ. ನ್ಯಾಯಾಲಯದ ಆದೇಶ ಇಲ್ಲದೆ ಬೀಗ ಹಾಕುವುದು, ನೀರು ಕರೆಂಟು ಕತ್ತರಿಸುವುದು ಎಷ್ಟೋ ದೇಶಗಳ ಕಾನೂನಿನಲ್ಲಿ ತಪ್ಪು. ಕೋರ್ಟಿನ ತಾರೀಖು ಇದ್ದರೆ ಕುಟುಂಬದ ಜೊತೆ ನಾಲ್ಕು ಜನ ಹೋಗಿ ಕೂರಿ. ಬಾಡಿಗೆದಾರರು ಬಾರದೇ ಇದ್ದರೆ ಅವರ ಮಾತು ಕೇಳದೆಯೇ ಆದೇಶ ಆಗಿಬಿಡಬಹುದು, ಜೊತೆಗೆ ಯಾರಾದರೂ ಇದ್ದರೆ ಹೋಗುವ ಧೈರ್ಯ ಬರುತ್ತದೆ.

ಇಡೀ ಬಡಾವಣೆಯನ್ನೇ ಒಕ್ಕಲೆಬ್ಬಿಸಲು ಬಂದರೆ ಲೆಕ್ಕ ಬೇರೆ. 1997ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಸಮಿತಿ ಬಲವಂತದ ತೆರವಿನ ಬಗ್ಗೆ ಸ್ಪಷ್ಟವಾಗಿ ಹೇಳಿದೆ: ಮೊದಲು ಆ ಜನರ ಜೊತೆ ನಿಜವಾದ ಸಮಾಲೋಚನೆ ಆಗಬೇಕು, ಸಾಕಷ್ಟು ಮುಂಚೆ ನೋಟಿಸ್ ಕೊಡಬೇಕು, ರಾತ್ರಿ ಹೊತ್ತು ಅಥವಾ ತೀರಾ ಕೆಟ್ಟ ಹವೆಯಲ್ಲಿ ಎಬ್ಬಿಸಬಾರದು, ಯಾರನ್ನೂ ಸೂರಿಲ್ಲದೆ ಬಿಡಬಾರದು. ಭಾರತದ ಸುಪ್ರೀಂ ಕೋರ್ಟ್ 1985ರಲ್ಲಿ ಮುಂಬೈ ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು, ಆದರೆ ನೋಟಿಸ್ ಕೊಟ್ಟು ತೆರವು ಮಾಡಬಹುದು ಎಂದೂ ಹೇಳಿತು. ಹಾಗಾಗಿ ಬರೀ ಕೋರ್ಟನ್ನು ನಂಬಿ ಕೂರಲು ಆಗುವುದಿಲ್ಲ. ಮನೆ ಮನೆಯ ಪಟ್ಟಿ ಮಾಡಿ: ಎಷ್ಟು ಜನ, ಎಷ್ಟು ವರ್ಷದಿಂದ, ಯಾವ ದಾಖಲೆ ಇದೆ, ಮಕ್ಕಳು ಯಾವ ಶಾಲೆ, ಹಾಸಿಗೆ ಹಿಡಿದವರು ಇದ್ದಾರಾ. ಅಧಿಕಾರಿಯ ಮೇಜಿನ ಮೇಲೆ ಈ ಪಟ್ಟಿ ಇಟ್ಟ ಮೇಲೆ ‘ಅಲ್ಲಿ ಯಾರೂ ಇಲ್ಲ’ ಎಂದು ಹೇಳಲು ಬರುವುದಿಲ್ಲ.

ಬೇರೆ ಧರ್ಮದವರ ಜೊತೆ, ಸಂಘದವರ ಜೊತೆ

ಕೂಲಿಯ ವಿಷಯದಲ್ಲಿ ಧರ್ಮಗಳ ನಡುವೆ ತಕರಾರೇ ಇಲ್ಲ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂದರು ಪ್ರವಾದಿ ಮುಹಮ್ಮದರು. ಸೂರ್ಯ ಮುಳುಗುವ ಮೊದಲು ಕೊಡು ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ. ಶಕ್ತಿಗೆ ತಕ್ಕ ಕೆಲಸ ಕೊಡು, ಕಾಯಿಲೆ ಬಿದ್ದಾಗ ನೋಡಿಕೋ, ರಜೆ ಕೊಡು ಎಂದು ಬುದ್ಧ ಯಜಮಾನನಿಗೆ ಹೇಳಿದ. ಬಸವಣ್ಣನವರ ಕಾಯಕ, ಗುರುನಾನಕರ ಪ್ರಾಮಾಣಿಕ ದುಡಿಮೆಯ ಮಾತು ಎಲ್ಲರಿಗೂ ಗೊತ್ತು. ಆದ್ದರಿಂದ ಒಟ್ಟಿಗೆ ಕೂತಾಗ ದೇವರ ಬಗ್ಗೆ ಚರ್ಚೆ ಬೇಡ. ಹಿಡಿದ ವಿಷಯ ಒಂದೇ ಇರಲಿ, ಉಳಿದದ್ದರಲ್ಲಿ ಒಪ್ಪಬೇಕಿಲ್ಲ. ಸಭೆ ಒಮ್ಮೆ ಇವರ ಜಾಗದಲ್ಲಿ, ಒಮ್ಮೆ ಅವರ ಜಾಗದಲ್ಲಿ. ಸಹಾಯ ಕೇಳಿ ಬಂದವರ ಜಾತಿ, ಧರ್ಮ ಕೇಳುವುದು ಬೇಡ, ಸಹಾಯದ ನೆಪದಲ್ಲಿ ಮತಪ್ರಚಾರ ಬೇಡ. ಚುನಾವಣೆಗೆ ನಿಂತವರನ್ನು ವೇದಿಕೆಗೆ ಹತ್ತಿಸಬೇಡಿ, ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿ ಪ್ರಶ್ನೆ ಕೇಳಿ.

ಕಾರ್ಮಿಕ ಸಂಘ ಇರುವ ಕಡೆ ನೀವು ಸಂಘದ ಜಾಗಕ್ಕೆ ಹೋಗಬಾರದು. ಕೂಲಿಯ ಒಪ್ಪಂದ ಮಾಡಿಕೊಳ್ಳುವುದು ಸಂಘದ ಕೆಲಸ. ನಿಮ್ಮದು ಜಾಗ ಕೊಡುವುದು, ಜನ ಸೇರಿಸುವುದು, ಕಷ್ಟದ ದಿನ ಮನೆ ನಡೆಸಿಕೊಡುವುದು. 1965ರ ಸೆಪ್ಟೆಂಬರ್ 16ರಂದು ಕ್ಯಾಲಿಫೋರ್ನಿಯಾದ ಡೆಲನೊದಲ್ಲಿ ದ್ರಾಕ್ಷಿ ತೋಟದ ಮೆಕ್ಸಿಕನ್ ಕೂಲಿಕಾರರು, ಆಗಲೇ ಮುಷ್ಕರ ಹೂಡಿದ್ದ ಫಿಲಿಪಿನೊ ಕೂಲಿಕಾರರ ಜೊತೆ ಸೇರಲು ತೀರ್ಮಾನಿಸಿದ್ದು ಒಂದು ಚರ್ಚಿನ ಹಾಲ್‌ನಲ್ಲಿ. ಅಮೆರಿಕದ ಮೆಂಫಿಸ್ ನಗರದಲ್ಲಿ 1968ರ ಫೆಬ್ರುವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯೊಳಗೆ ನಿಂತಿದ್ದ ಇಬ್ಬರು ಪೌರಕಾರ್ಮಿಕರು ಅದರ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ಕ್ಲೇಬರ್ನ್ ಟೆಂಪಲ್ ಎಂಬ ಚರ್ಚು ಅವರ ನೆಲೆಯಾಯಿತು. ಚರ್ಚುಗಳಲ್ಲಿ ಅವರ ಮನೆಯವರಿಗಾಗಿ ಹಣ ಕೂಡಿಸಿದರು, ‘ನಾನೂ ಒಬ್ಬ ಮನುಷ್ಯ’ ಎಂಬ ಫಲಕ ಹಿಡಿದು ಅಲ್ಲಿಂದಲೇ ಮೆರವಣಿಗೆ ಹೊರಟರು. ಅವರ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲೇ ಕೊಲೆಯಾದರು. ಏಪ್ರಿಲ್ 16ರಂದು ನಗರ ಅವರ ಸಂಘವನ್ನು ಒಪ್ಪಿತು, ಕೂಲಿ ಏರಿಸಿತು.

ನೀವು ಹೋಗಿ ಮಾತಾಡಿ ಬಂದ ಮರುದಿನ ಕೆಲಸ ಕಳೆದುಕೊಳ್ಳುವುದು ನೀವಲ್ಲ ಎಂಬುದು ಸದಾ ನೆನಪಿರಲಿ. ಕೆಲಸಗಾರರ ಒಪ್ಪಿಗೆ ಇಲ್ಲದೆ ಅವರ ಹೆಸರು, ಫೋಟೋ ಎಲ್ಲೂ ಹಾಕಬೇಡಿ. ಎಷ್ಟು ದೂರ ಹೋಗಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ, ಅವರು ನಿಲ್ಲಿಸೋಣ ಎಂದರೆ ನಿಲ್ಲಿಸಿ. ಒಂದು ಆಪತ್ತಿನ ನಿಧಿ ಬೇರೆ ಖಾತೆಯಲ್ಲಿರಲಿ, ಸಹಿ ಇಬ್ಬರದ್ದಿರಲಿ, ಅದರಲ್ಲಿ ಒಬ್ಬರು ಕೆಲಸಗಾರರೇ ಆಗಿರಲಿ, ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಿ.

ಒಪ್ಪಂದ ಆದ ಮೇಲೆ ಕೆಲಸ ಮುಗಿಯಿತು ಎಂದುಕೊಂಡು ಎಷ್ಟೋ ಗುಂಪುಗಳು ಚದುರುತ್ತವೆ. ಮೂರನೇ ತಿಂಗಳಿಗೆ ಹಳೆಯ ಕೂಲಿಯೇ ವಾಪಸ್ ಬಂದಿರುತ್ತದೆ. ಒಪ್ಪಂದ ಬರಹದಲ್ಲಿರಲಿ, ಪ್ರತಿ ಪಾಳಿಯಿಂದ ಒಬ್ಬರು ಸಂಬಳದ ಚೀಟಿಯ ಫೋಟೋ ತಂದು ತೋರಿಸುವ ವ್ಯವಸ್ಥೆ ಮೊದಲ ಆರು ಬಟವಾಡೆಗಾದರೂ ಇರಲಿ, ಒಂದು ಬಟವಾಡೆ ತಪ್ಪಿದರೂ ಅದೇ ವಾರ ಅದೇ ನಿಯೋಗ ಮತ್ತೆ ಹೋಗಲಿ.